ಕಂದಾಯದ ಅರ್ಧ ಊರಿಗೇ: ಔಂಧ ಸಂಸ್ಥಾನದ ಪಂಚಾಯತಿ ರಾಜ್ಯ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ವಿಜಯಪುರ ಜಿಲ್ಲೆಯ ಗುಣದಾಳದಿಂದ ಮಾತು ಶುರು ಮಾಡೋಣ. 1948ರ ಮಾರ್ಚ್ 8ರವರೆಗೆ ಈ ಊರು ಮುಂಬಯಿ ಪ್ರಾಂತಕ್ಕೆ ಸೇರಿರಲಿಲ್ಲ. ಸುತ್ತಲಿನ ಊರುಗಳು 'ಖಾಲಸಾ', ಅಂದರೆ ನೇರ ಬ್ರಿಟಿಷರ ಮುಲುಕು. ಗುಣದಾಳ ಮಾತ್ರ ಸಂಸ್ಥಾನದ್ದು. ಆ ಸಂಸ್ಥಾನದ ರಾಜಧಾನಿ ಇದ್ದದ್ದು ಸಾತಾರಾ ಕಡೆಯ ಔಂಧದಲ್ಲಿ. ಭೂಪಟದ ಮೇಲೆ ನೇರ ಗೆರೆ ಎಳೆದರೂ 150 ಕಿಲೋಮೀಟರಿಗೆ ಕಡಿಮೆಯಿಲ್ಲ. ಮೇಲಿನ ಕಚೇರಿಯ ಭಾಷೆ ಮರಾಠಿ, ಊರಿನ ಭಾಷೆ ಕನ್ನಡ. ಇಂಥ ಹರಿದು ಹಂಚಿಹೋದ ಪುಟ್ಟ ಸಂಸ್ಥಾನದಲ್ಲಿ 1939ರಲ್ಲಿ ಒಂದು ಸಂವಿಧಾನ ಬಂತು. ರಾಜ ತಾನಾಗಿ ಅಧಿಕಾರ ಬಿಟ್ಟ, ಗಾಂಧೀಜಿ ಕರಡು ತಿದ್ದಿದರು ಎಂದು ಹೇಳಿ ಮುಗಿಸುವುದು ರೂಢಿ. ಆ ಸಂವಿಧಾನದ ತೂಕ ಇರುವುದು ರಾಜನ ಔದಾರ್ಯದಲ್ಲಿ ಅಲ್ಲ, ಎರಡು ಪ್ರಶ್ನೆಗಳಲ್ಲಿ: ದುಡ್ಡು ಎಲ್ಲಿ ಉಳಿಯಿತು? ನ್ಯಾಯ ಎಲ್ಲಿ ಕೂತು ಹೇಳಿದರು? ಈ ಹೊತ್ತಿನ ಮಾತೆಲ್ಲ ಈ ಎರಡರ ಸುತ್ತ.

ಮೊದಲು ಹಿನ್ನೆಲೆ. ಔಂಧದ ಒಡೆಯರಿಗೆ 'ಪಂತ ಪ್ರತಿನಿಧಿ' ಎಂಬ ಬಿರುದು. ಇದು ಹುಟ್ಟಿದ್ದು ತಮಿಳುನಾಡಿನ ಜಿಂಜಿ ಕೋಟೆಯಲ್ಲಿ. ಶಿವಾಜಿಯ ಮಗ ಸಂಭಾಜಿಯ ಕೊಲೆಯ ನಂತರ 1689ರಲ್ಲಿ ಅವನ ತಮ್ಮ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡಿದ. ಆಗ ಅವನಿಗೆ ದಾರಿಯಲ್ಲಿ ಆಶ್ರಯ ಕೊಟ್ಟವಳು ನಮ್ಮ ಕೆಳದಿಯ ಚೆನ್ನಮ್ಮ. ಜಿಂಜಿ ಮುಟ್ಟಿದ ಮೇಲೆ ರಾಜಾರಾಮ 'ಪ್ರತಿನಿಧಿ' ಎಂಬ ಹೊಸ ಹುದ್ದೆ ಮಾಡಿದ. ದೊರೆಯ ಬದಲಿಗೆ ನಿಂತು ಕೆಲಸ ನಡೆಸುವವನು ಎಂದು ಅರ್ಥ. ಅಷ್ಟಪ್ರಧಾನರಲ್ಲಿ, ಅಂದರೆ ಮರಾಠಾ ದೊರೆಯ ಎಂಟು ಮಂತ್ರಿಗಳಲ್ಲಿ ಮುಖ್ಯನಾದ ಪೇಶ್ವೆಗಿಂತಲೂ ಮೇಲಿನ ಸ್ಥಾನ. ಮೊದಲ ಪ್ರತಿನಿಧಿ ಪ್ರಹ್ಲಾದ ನಿರಾಜಿ. ಮುಂದೆ ಆ ಹುದ್ದೆ ಪರಶುರಾಮ ತ್ರ್ಯಂಬಕನ ಮನೆತನಕ್ಕೆ ಬಂತು. ಔಂಧದವರು ಈ ಮನೆತನದವರೇ.

ಹುದ್ದೆ ಎತ್ತರದ್ದಾದರೂ ಬಲ ಪೇಶ್ವೆಗಳ ಕೈಗೆ ಹೋಯಿತು. ಎರಡನೇ ಬಾಜೀರಾಯನ ಕಾಲಕ್ಕೆ ಪ್ರತಿನಿಧಿ ಸೆರೆಗೂ ಬಿದ್ದ. ಆಗ ತಾಯಿ ತೇಲಿಣ ಎಂಬ ಹೆಣ್ಣುಮಗಳು ವಾಸೋಟಾ ಕೋಟೆಯನ್ನು ಹಿಡಿದು ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ಸೈನ್ಯಕ್ಕೆ ಎದುರು ನಿಂತಳು. ಅದು ಬೇರೆಯೇ ಒಂದು ದಿನದ ಮಾತು. ನಮಗೆ ಬೇಕಾದದ್ದು 1820. ಪೇಶ್ವೆ ಸೋತ ಮೇಲೆ ಬ್ರಿಟಿಷರು ಸಾತಾರಾ ಗಾದಿಯ ಕೆಳಗಿನ ಜಹಗೀರುದಾರರ ಜೊತೆ ಪ್ರತ್ಯೇಕ ಕರಾರು ಮಾಡಿಕೊಂಡರು. 1848ರಲ್ಲಿ ಸಾತಾರಾದ ರಾಜ ಔರಸ ಮಗನಿಲ್ಲದೆ ತೀರಿಕೊಂಡಾಗ ಗವರ್ನರ್ ಜನರಲ್ ಡಾಲ್‌ಹೌಸಿ ದತ್ತು ಒಪ್ಪದೆ ರಾಜ್ಯವನ್ನೇ ನುಂಗಿದ. ಆದರೆ ಕೆಳಗಿನ ಜಹಗೀರುಗಳು ಉಳಿದುಕೊಂಡವು: ಔಂಧ, ಫಲಟಣ, ಭೋರ್, ಜತ್ತ, ಅಕ್ಕಲಕೋಟೆ. ಮರ ಬಿದ್ದರೂ ಕೊಂಬೆಗಳು ನಿಂತ ಹಾಗೆ. ಇಷ್ಟು ಚಿಕ್ಕ ಚಿಕ್ಕ ಸಂಸ್ಥಾನಗಳು ಹೇಗೆ ಹುಟ್ಟಿದವು ಎಂದು ಕೇಳುವವರಿಗೆ ಇದು ಒಂದು ಉತ್ತರ. ಎಲ್ಲರೂ ಯುದ್ಧ ಗೆದ್ದು ರಾಜರಾದವರಲ್ಲ. ಎಷ್ಟೋ ಜನ ಮೇಲಿನ ಗಾದಿ ಹೋದದ್ದರಿಂದ 'ರಾಜ'ರಾದವರು.

ಇನ್ನು ಅಳತೆ. ವಿಸ್ತೀರ್ಣ 501 ಚದರ ಮೈಲಿ, ಹಳ್ಳಿಗಳು 72, 1941ರ ಜನಗಣತಿಯಲ್ಲಿ ಜನಸಂಖ್ಯೆ 88,762. ಸರಾಸರಿ ತೆಗೆದರೆ ಒಂದು ಊರಿಗೆ ಸುಮಾರು 1,230 ಜನ. ಬ್ರಿಟಿಷರು ದರ್ಜೆಯ ಗುರುತಾಗಿ ರಾಜರಿಗೆ ಹಾರಿಸುತ್ತಿದ್ದ ತೋಪಿನ ಸಲಾಮಿ ಇಲ್ಲದ ಸಂಸ್ಥಾನ ಇದು. ಪಕ್ಕದ ಸಾಂಗಲಿಗೂ ನಮ್ಮ ಮುಧೋಳಕ್ಕೂ 9 ತೋಪಿನ ಸಲಾಮಿ ಇತ್ತು. ನಾಲ್ಕು ತಾಲ್ಲೂಕುಗಳು: ಔಂಧ, ಆಟಪಾಡಿ, ಕುಂಡಲ, ಗುಣದಾಳ. ಒಂದಕ್ಕೊಂದು ಅಂಟಿಕೊಂಡಿರಲಿಲ್ಲ. ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಖಾಲಸಾ ಮುಲುಕನ್ನೋ ಇನ್ನೊಬ್ಬ ಸಂಸ್ಥಾನಿಕನ ಮುಲುಕನ್ನೋ ದಾಟಲೇಬೇಕು. ರೈಲು, ಟಪಾಲು, ನಾಣ್ಯ ಎಲ್ಲ ಬ್ರಿಟಿಷರವು. ಮೇಲೆ ನಿಗಾ ಇಡಲು ಮೊದಲು ಸಾತಾರಾ ಕಲೆಕ್ಟರನೇ ಪೊಲಿಟಿಕಲ್ ಏಜೆಂಟ್. 1933ರ ನಂತರ ಕೊಲ್ಹಾಪುರದಲ್ಲಿ ಕೂತ ರೆಸಿಡೆಂಟ್. ಹಾಗಾದರೆ ರಾಜನ ಕೈಯಲ್ಲಿ ಉಳಿದದ್ದೇನು? ಭೂಕಂದಾಯ, ಶಾಲೆ, ಕೋರ್ಟು, ಪೊಲೀಸು, ಜೈಲು, ಊರಿನ ರಸ್ತೆ, ಬಾವಿ. ಔಂಧದ ಪ್ರಯೋಗ ನಡೆದದ್ದು ಇಷ್ಟರ ಒಳಗೇ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

1909ರಲ್ಲಿ ಗಾದಿಗೆ ಬಂದವರು ಭವಾನರಾವ್, ಬಾಳಾಸಾಹೇಬ ಪಂತ ಪ್ರತಿನಿಧಿ. ಹುಟ್ಟಿದ್ದು 1868, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಬಿ.ಎ. ಚಿತ್ರ ಬರೆಯುತ್ತಿದ್ದರು, ಕೀರ್ತನೆ ಮಾಡುತ್ತಿದ್ದರು. ಇವತ್ತು ಊರೂರಿನ ಶಾಲೆಗಳಲ್ಲಿ ಮಾಡಿಸುವ ಸೂರ್ಯನಮಸ್ಕಾರವನ್ನು ಒಂದು ಕ್ರಮಕ್ಕೆ ತಂದು ದೇಶಕ್ಕೆಲ್ಲ ಹರಡಿದವರಲ್ಲಿ ಇವರೇ ಮುಂದಿನವರು. ಮಹಾಭಾರತದ ಸಂಶೋಧಿತ ಆವೃತ್ತಿಯ ಕೆಲಸಕ್ಕೆ ಪುಣೆಯ ಭಾಂಡಾರಕರ ಸಂಸ್ಥೆಗೆ ಹಣ ಕೊಟ್ಟು ಕೈಹಿಡಿದವರೂ ಇವರೇ. ನಮ್ಮ ಬೆಳಗಾವಿ ಸೀಮೆಗೂ ಇಲ್ಲಿ ಒಂದು ನಂಟಿದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡುತ್ತಿದ್ದರು. ಅಲ್ಲಿ ಜಾಗ ಕಳೆದುಕೊಂಡಾಗ 1910ರಲ್ಲಿ ಔಂಧದ ರಾಜರು ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಬೀಳು ನೆಲ ಕೊಟ್ಟರು, ಜೊತೆಗೆ ಸಾಲವನ್ನೂ ಕೊಟ್ಟರು. ಕಿರ್ಲೋಸ್ಕರವಾಡಿ ಎದ್ದದ್ದು ಹಾಗೆ. ಚಿಕ್ಕ ಸಂಸ್ಥಾನಕ್ಕೆ ಒಂದು ಅನುಕೂಲ ಇತ್ತು: ಅರ್ಜಿ ಹಾಕುವವನಿಗೂ ಅಪ್ಪಣೆ ಕೊಡುವವನಿಗೂ ನಡುವೆ ಮೇಜುಗಳು ಕಡಿಮೆ. ಅದೇ ಅದರ ಅಪಾಯವೂ ಹೌದು. ಮುಂದಿನ ರಾಜ ಹೀಗೇ ಇರುತ್ತಾನೆ ಎಂಬ ಖಾತರಿ ಯಾರಿಗೂ ಇಲ್ಲ.

ಈಗ 1938ಕ್ಕೆ ಬರೋಣ. ಸಂಸ್ಥಾನಗಳಲ್ಲೆಲ್ಲ ಪ್ರಜಾ ಚಳವಳಿ ಕಾವೇರಿದ ವರ್ಷ ಅದು. ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಗೋಲಿಬಾರಾಯಿತು. ಮರುವರ್ಷ ರಾಜಕೋಟೆಯಲ್ಲಿ ಗಾಂಧೀಜಿ ಉಪವಾಸ ಕೂತರು; ನಮ್ಮ ರಾಮದುರ್ಗದಲ್ಲಿ ಪ್ರಜಾ ಸಂಘದ ಜಗಳ ಜೈಲಿನ ಮೇಲಿನ ದಾಳಿಯವರೆಗೂ ಹೋಗಿ ಹೆಣಗಳು ಬಿದ್ದವು. ಇಂಥ ಹೊತ್ತಿನಲ್ಲಿ ಎಪ್ಪತ್ತು ತುಂಬಿದ ರಾಜರು ಜವಾಬ್ದಾರಿ ಸರ್ಕಾರ ಕೊಡುತ್ತೇವೆ ಎಂದು ಸಾರಿದರು. ಇದರ ಹಿಂದೆ ಇಬ್ಬರ ಕೈಯಿತ್ತು. ಒಬ್ಬರು ಮಗ ಅಪ್ಪಾಸಾಹೇಬ ಪಂತ, ಆಕ್ಸ್‌ಫರ್ಡಿನಲ್ಲಿ ಓದಿ ಆಗತಾನೆ ಮರಳಿದ್ದ ಬ್ಯಾರಿಸ್ಟರ್. ಇನ್ನೊಬ್ಬರು ಮೌರಿಸ್ ಫ್ರಿಡ್‌ಮನ್, ಪೋಲೆಂಡಿನ ಯಹೂದಿ ಇಂಜಿನಿಯರ್. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಲು ಬಂದವರು. ಕಾವಿ ಉಟ್ಟು ಭಾರತಾನಂದ ಎಂಬ ಹೆಸರು ಪಡೆದರು. ಬಿಲ್ಲಿನಂಥ ಕೋಲಿನಿಂದ ತಿರುಗಿಸಿ ನೂಲುವ 'ಧನುಷ್ ತಕಲಿ' ಅವರದೇ ರಚನೆ. ಈ ಇಬ್ಬರೂ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ಮುಂದೆ ಕೂತರು. ಸಂವಿಧಾನ 1939ರ ಜನವರಿಯಲ್ಲಿ ಜಾರಿಗೆ ಬಂತು.

ಕಟ್ಟಡ ಹೀಗಿತ್ತು. ಊರಿನ ಮತದಾರರು ಐವರು ಪಂಚರನ್ನು ಆರಿಸಬೇಕು. ಐವರಲ್ಲಿ ಒಬ್ಬರು ಅಧ್ಯಕ್ಷರು. ಒಂದು ತಾಲ್ಲೂಕಿನ ಎಲ್ಲ ಪಂಚಾಯತಿ ಅಧ್ಯಕ್ಷರು ಸೇರಿದರೆ ಅದೇ ತಾಲ್ಲೂಕು ಸಮಿತಿ. ಆ ಸಮಿತಿಗಳಿಂದ ಆಯ್ಕೆಯಾದವರು ಔಂಧದ ಶಾಸನಸಭೆಗೆ. ಸಭೆಗೆ ಉತ್ತರ ಹೇಳುವ ಮಂತ್ರಿಮಂಡಲ, ಅಪ್ಪಾಸಾಹೇಬರು ಪ್ರಧಾನಿ. ರಾಜರ ಸ್ವಂತ ಖರ್ಚಿಗೆ ಮಿತಿ ಬಿತ್ತು. ಖಜಾನೆಗೂ ಅರಮನೆಗೂ ನಡುವೆ ಗೋಡೆ ಎದ್ದದ್ದು ಇಲ್ಲಿಯೇ. ನೂರಾರು ಸಂಸ್ಥಾನಗಳಲ್ಲಿ ಆ ಗೋಡೆ ಇರಲೇ ಇಲ್ಲ. ಅಲ್ಲಿ ಕಂದಾಯವೆಂದರೆ ರಾಜನ ಜೇಬು.

ಮೂಲ ಘಟಕ ಹಳ್ಳಿ, ನೇರ ಚುನಾವಣೆ ಹಳ್ಳಿಯಲ್ಲಿ ಮಾತ್ರ: ಇದು ಗಾಂಧೀಜಿಯ ನಂಬಿಕೆಗೆ ಹೊಂದಿದ ಕಟ್ಟಡ. ಕಾಗದದ ಮೇಲೆ ಪಂಚಾಯತಿ ಬೇರೆ ಕಡೆಯೂ ಇತ್ತು. ಮುಂಬಯಿ ಪ್ರಾಂತದಲ್ಲಿ 1933ರ ಕಾಯಿದೆ ಇತ್ತು. ಔಂಧದ ವಿಶೇಷ ದುಡ್ಡಿನದು. ಎತ್ತಿದ ಕಂದಾಯದಲ್ಲಿ ಸುಮಾರು ಅರ್ಧ ತಾಲ್ಲೂಕು ಮತ್ತು ಪಂಚಾಯತಿಗಳ ಕೈಗೇ ಮರಳುತ್ತಿತ್ತು. ಶಾಲೆ, ಬಾವಿ, ದಾರಿ, ಚೊಕ್ಕಟ, ಇವುಗಳಿಗೆ ಮೇಲಿನಿಂದ ಮಂಜೂರಾತಿ ಕಾಯುವ ಬದಲು ಊರೇ ಲೆಕ್ಕ ಹಾಕಬೇಕು. ಅಧಿಕಾರ ಹಂಚಿದೆವು ಎಂದು ಹೇಳಿ ಹಣವನ್ನು ಮೇಲೆಯೇ ಇಟ್ಟುಕೊಳ್ಳುವ ಸರ್ಕಾರಗಳನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಆದರೆ ಇದರಲ್ಲಿಯೇ ಒಂದು ತೊಡಕು ಕೂತಿದೆ. ಅದನ್ನು ಲೆಕ್ಕ ಮಾಡಿಯೇ ನೋಡಬೇಕು. ಆಟಪಾಡಿ, ಔಂಧ ಎರಡೂ ಮಳೆ ಕಡಿಮೆಯ ನೆಲ. ಗುಣದಾಳ ಜೋಳದ ಎರೆಭೂಮಿಯ ಸೀಮೆ, ಮಳೆ ಕೈಕೊಟ್ಟರೆ ಅಲ್ಲಿಯೂ ಬರವೇ. ಬೆಳೆ ಎಷ್ಟು ಬಂತು ಎಂಬುದನ್ನು ಆ ಕಾಲದಲ್ಲಿ ಆಣೆಯಲ್ಲಿ, ಅಂದರೆ ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕದಲ್ಲಿ, ಅಳೆಯುತ್ತಿದ್ದರು. ಅದಕ್ಕೆ ಆಣೇವಾರಿ ಎಂದು ಹೆಸರು. ಮುಂಬಯಿ ಪ್ರಾಂತದ ಪದ್ಧತಿಯಲ್ಲಿ ಬೆಳೆ ಆರು ಆಣೆಗಿಂತ ಕೆಳಗೆ ಬಂದರೆ ಅರ್ಧ ವಸೂಲಿ ತಡೆಯಬೇಕು, ನಾಲ್ಕು ಆಣೆಗಿಂತ ಕೆಳಗಾದರೆ ಪೂರ್ತಿ ತಡೆಯಬೇಕು. 1918ರಲ್ಲಿ ಗುಜರಾತಿನಲ್ಲಿ ನಡೆದ ಖೇಡಾ ಸತ್ಯಾಗ್ರಹದ ಜಗಳವೇ ಇದು: ರೈತರು ನಾಲ್ಕು ಆಣೆಗೆ ಕಡಿಮೆ ಎಂದರು, ಕಲೆಕ್ಟರ್ ಕಚೇರಿ ಹೆಚ್ಚು ಎಂದಿತು. ಈ ಅಳತೆಯನ್ನು ಒಂದು ಊರಿಗೆ ಹಚ್ಚಿ ನೋಡಿ. ಊರಿನ ಕಂದಾಯ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಒಳ್ಳೆಯ ವರ್ಷ ಐನೂರು ಪಂಚಾಯತಿ ಕಡೆಗೆ. ಐದು ಆಣೆಯ ವರ್ಷ ವಸೂಲಿಯೇ ಐನೂರು, ಪಾಲು ಇನ್ನೂರೈವತ್ತು. ಮೂರು ಆಣೆಯ ವರ್ಷ ಪಾಲು ಸೊನ್ನೆ. ಬಾವಿ ತೋಡುವ ಕೆಲಸ, ಕೂಲಿ ಕೊಡುವ ಕೆಲಸ ಬೇಕಾದದ್ದು ಯಾವ ವರ್ಷ? ಅದೇ ಮೂರು ಆಣೆಯ ವರ್ಷ. ಕಂದಾಯದ ಪಾಲನ್ನೇ ನಂಬಿದ ಪಂಚಾಯತಿಯ ಚೀಲ ಬರದ ವರ್ಷ ಬರಿದಾಗುತ್ತದೆ. ಒಳ್ಳೆಯ ವರ್ಷದ ಹಣದಲ್ಲಿ ಒಂದಿಷ್ಟು ಬರಕ್ಕೆಂದು ಕಟ್ಟಿಡದೆ ಇಂಥ ವ್ಯವಸ್ಥೆ ನಿಲ್ಲುವುದು ಕಷ್ಟ.

ಇನ್ನೊಂದು ಗಂಟೂ ಇದೆ. ಬೆಳೆ ಎಷ್ಟು ಆಣೆ ಎಂಬ ಮಾತಿನಲ್ಲಿ ಊರಿನವರ ಬಾಯಿಗೆ ಬೆಲೆ ಇರುತ್ತದೆ. ಪಂಚ ರೈತನೂ ಹೌದು, ಕಂದಾಯದ ಪಾಲುದಾರನೂ ಹೌದು. ಬೆಳೆ ಕಡಿಮೆ ಎಂದು ಹೇಳಿದರೆ ಅವನ ಮನೆಯ ಪಟ್ಟಿ ತಗ್ಗುತ್ತದೆ, ಊರಿನ ಶಾಲೆಯ ಹಣವೂ ತಗ್ಗುತ್ತದೆ. ಖಾಲಸಾ ಊರಿನಲ್ಲಿ ಗೌಡ, ಕುಲಕರ್ಣಿ ಸೇರಿ 'ಬೆಳೆ ಹೋಯಿತು' ಎಂದು ಬರೆಸುವುದರಲ್ಲಿ ಊರಿಗೆ ನಷ್ಟವಿರಲಿಲ್ಲ. ಔಂಧದ ಊರಿನಲ್ಲಿ ನಷ್ಟವಿತ್ತು. ಸ್ವರಾಜ್ಯವೆಂದರೆ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಎಂಬರ್ಥದ ಮಾತು ರಾಜರ ಘೋಷಣೆಯಲ್ಲಿಯೇ ಇತ್ತು. ಅದು ವೇದಾಂತವಾಗಿ ಕೇಳಿಸಬಹುದು. ಹೊಲದ ಬದುವಿನಲ್ಲಿ ನಿಂತು ಆಣೆ ಹೇಳುವಾಗ ಅದು ಎದುರಿಗೇ ಬಂದು ನಿಲ್ಲುತ್ತದೆ.

ಎರಡನೆಯ ಪ್ರಶ್ನೆ ನ್ಯಾಯ. ಆ ಕಾಲದ ರೈತ ಒಂದು ಬದುವಿನ ವ್ಯಾಜ್ಯಕ್ಕೆ ತಾಲ್ಲೂಕಿಗೆ ಹತ್ತಾರು ಮೈಲಿ ನಡೆಯಬೇಕು, ವಕೀಲರನ್ನು ಹಿಡಿಯಬೇಕು, ಸ್ಟಾಂಪು ಕಟ್ಟಬೇಕು, ಸಾಕ್ಷಿಗಳಿಗೆ ರೊಟ್ಟಿ ಕಟ್ಟಿಕೊಂಡು ಕರೆದೊಯ್ಯಬೇಕು, ತಾರೀಖು ಮುಂದೆ ಹೋದರೆ ಮತ್ತೆ ಎಲ್ಲ ಮೊದಲಿನಿಂದ. ಔಂಧದಲ್ಲಿ ಇದನ್ನು ತಿರುಗಿಸಿದರು: ನ್ಯಾಯಾಧೀಶರೇ ಊರಿಗೆ ಬಂದರು. ಪಂಚರು ಜೊತೆಗೆ ಕೂತರು. ಸಾಕ್ಷಿ ಹೇಳುವವನು ಅದೇ ಊರಿನವನು, ಕೇಳುವವರೂ ಅದೇ ಊರಿನವರು. ಜಗಳದ ಬದು ಕಣ್ಣಿಗೆ ಕಾಣುವಷ್ಟು ಹತ್ತಿರ. ದೂರದ ಕಟಕಟೆಯಲ್ಲಿ ಹೇಳಿದಷ್ಟು ಸಲೀಸಾಗಿ ಇಲ್ಲಿ ಸುಳ್ಳು ಹೇಳಲಾಗದು. ಕಟ್ಟೆಯ ಮೇಲೆ ಕೂತ ಮುದುಕರಿಗೆ ಆ ಹೊಲ ಯಾರ ಅಜ್ಜನದು ಎಂದು ಗೊತ್ತು. ಈ ಒಂದು ಬದಲಾವಣೆಗೆ ಹೊಸ ಕಟ್ಟಡ ಬೇಕಾಗಲಿಲ್ಲ, ಹೊಸ ತೆರಿಗೆ ಬೇಕಾಗಲಿಲ್ಲ. ಇಡೀ ಪ್ರಯೋಗದಲ್ಲಿ ನಮಗೆ ಅತ್ಯಂತ ಗಟ್ಟಿ ಎನಿಸುವ ಭಾಗ ಇದೇ.

ಇದರ ಮಗ್ಗುಲಿನದು ಜೈಲು. 1939ರಲ್ಲಿ ಆಟಪಾಡಿ ಹತ್ತಿರ 'ಸ್ವತಂತ್ರಪುರ' ಎಂಬ ವಸಾಹತು ಮಾಡಿದರು. ಗೋಡೆಯಿಲ್ಲದ ಜೈಲು. ಗಂಭೀರ ಅಪರಾಧಗಳಿಗೆ ಶಿಕ್ಷೆಯಾದವರು ಅಲ್ಲಿ ಹೊಲ ಉಳುತ್ತ, ಹೆಂಡತಿ ಮಕ್ಕಳ ಜೊತೆ ಇರಬಹುದಿತ್ತು. ಇದರ ಹಿಂದೆಯೂ ಫ್ರಿಡ್‌ಮನ್ನರ ತಲೆಯಿತ್ತು. ಕೈದಿಯನ್ನು ಕಾಯುವುದು ಸರಪಳಿಯಲ್ಲ, ಅವನ ಮನೆಯೇ ಎಂಬುದು ಇದರ ತರ್ಕ.

ಕಟ್ಟಡ ಎಲ್ಲಿ ಸೋರುತ್ತಿತ್ತು ಎಂಬುದನ್ನೂ ಅಷ್ಟೇ ಬಿಚ್ಚಿ ಹೇಳಬೇಕು. ಮೊದಲನೆಯದು ಮತದಾನ. ಓದು ಬರಹ ಬಂದವರಿಗೆ ಮತ ಎಂಬ ಷರತ್ತು ಗಾಂಧೀಜಿಯ ಒತ್ತಾಯದಿಂದ ಸೇರಿತು. ಉದ್ದೇಶ ಒಳ್ಳೆಯದು: ಮತ ಬೇಕಾದರೆ ಅಕ್ಷರ ಕಲಿ, ಕಲಿಸುವುದು ಸರ್ಕಾರದ ಹೊಣೆ. ಆದರೆ ಲೆಕ್ಕ ನೋಡಿ. 1931ರ ಜನಗಣತಿಯಲ್ಲಿ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಜನವೂ ಇರಲಿಲ್ಲ. ಔಂಧದಲ್ಲಿ ಶಾಲೆಗಳು ಹೆಚ್ಚಿದ್ದರಿಂದ ಕೊಂಚ ಮೇಲಿತ್ತು ಎಂದೇ ಹಿಡಿಯೋಣ. ಆದರೂ 1,230 ಜನರ ಊರಿನಲ್ಲಿ ವಯಸ್ಕರು ಆರುನೂರರ ಸುಮಾರು. ದೇಶದ ಸರಾಸರಿ ಹಿಡಿದರೆ ಮತ ಇರುವವರು ಅರವತ್ತು. ಆ ಅರವತ್ತರಲ್ಲಿ ಹೆಣ್ಣುಮಕ್ಕಳು ಎಷ್ಟು, ಹೊಲೆಗೇರಿ ಮಾದಿಗರ ಕೇರಿಯವರು ಎಷ್ಟು ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ಅಕ್ಷರದಿಂದ ದೂರ ಇಟ್ಟವರನ್ನು ಅಕ್ಷರವಿಲ್ಲ ಎಂಬ ಕಾರಣಕ್ಕೇ ಮತದಿಂದಲೂ ದೂರ ಇಟ್ಟ ಹಾಗಾಗುತ್ತದೆ, ಅದು ಕೆಲವು ವರ್ಷಗಳ ಮಟ್ಟಿಗೇ ಆದರೂ. ನಮ್ಮ ದೃಷ್ಟಿಯಲ್ಲಿ ಈ ಸಂವಿಧಾನದ ದೊಡ್ಡ ತಪ್ಪು ಇದು. 1950ರಲ್ಲಿ ಭಾರತ ಓದು ಬಾರದವರಿಗೂ ಮತ ಕೊಟ್ಟು, 1951-52ರಲ್ಲಿ ಪೆಟ್ಟಿಗೆಯ ಮೇಲೆ ಚಿತ್ರ ಅಂಟಿಸಿ ಚುನಾವಣೆ ಮಾಡಿ ತೋರಿಸಿತು. ಷರತ್ತು ಬೇಕಿರಲಿಲ್ಲ.

ಎರಡನೆಯದು ಪರೋಕ್ಷ ಚುನಾವಣೆ. ಐವರಲ್ಲಿ ಮೂವರನ್ನು ಹಿಡಿದವನು ಅಧ್ಯಕ್ಷ. ಅಧ್ಯಕ್ಷನಾದವನು ತಾನಾಗಿಯೇ ತಾಲ್ಲೂಕು ಸಮಿತಿಗೆ. ಅಲ್ಲಿಂದ ಔಂಧಕ್ಕೂ ದಾರಿ. ಊರಿನಲ್ಲಿ ಸೋತ ಗುಂಪಿಗೆ ಮೇಲೆ ಹೋಗಲು ಬೇರೆ ಬಾಗಿಲಿಲ್ಲ. ಊರಿನ ದೊಡ್ಡ ಮನೆ ಗಟ್ಟಿಯಾಗಿದ್ದರೆ ಮೂರೂ ಅಂತಸ್ತು ಅದೇ ಮನೆಯದು. ಈಗಿನ ಪಂಚಾಯತಿ ವ್ಯವಸ್ಥೆಗೆ ಅಡಿಪಾಯವಾದ 73ನೇ ತಿದ್ದುಪಡಿ ಗ್ರಾಮ, ತಾಲ್ಲೂಕು, ಜಿಲ್ಲೆ ಮೂರೂ ಕಡೆ ಸದಸ್ಯರ ಆಯ್ಕೆ ನೇರ ಚುನಾವಣೆಯಿಂದಲೇ ಆಗಬೇಕೆಂದು ಹೇಳಿರುವುದರ ಮರ್ಮ ಇಲ್ಲಿ ಅರ್ಥವಾಗುತ್ತದೆ.

ಮೂರನೆಯದು ಔಂಧದ ಕೈಯಲ್ಲಿ ಇಲ್ಲದ್ದು. ಸಂವಿಧಾನ ಬಂದ ಮರು ತಿಂಗಳೇ, 1939ರ ಫೆಬ್ರವರಿಯಲ್ಲಿ, ಲುಧಿಯಾನಾದಲ್ಲಿ ನೆಹರೂ ಅಧ್ಯಕ್ಷತೆಯಲ್ಲಿ ಸಂಸ್ಥಾನ ಪ್ರಜಾ ಪರಿಷತ್ತು ಸೇರಿತು. ಇಪ್ಪತ್ತು ಲಕ್ಷ ಜನ ಅಥವಾ ಐವತ್ತು ಲಕ್ಷ ರೂಪಾಯಿ ಆದಾಯ ಇಲ್ಲದ ಸಂಸ್ಥಾನ ಸ್ವತಂತ್ರ ಘಟಕವಾಗಿ ಉಳಿಯಲು ಯೋಗ್ಯವಲ್ಲ, ಪಕ್ಕದ ಪ್ರಾಂತದಲ್ಲಿ ಸೇರಬೇಕು ಎಂದು ನಿರ್ಣಯ ಮಾಡಿತು. ಔಂಧದ ಜನಸಂಖ್ಯೆ ಆ ಗೆರೆಯ ಇಪ್ಪತ್ತೆರಡನೇ ಒಂದು ಪಾಲು. ಗಾಂಧೀಜಿ ಕರಡು ನೋಡಿದ ರಾಜ್ಯಕ್ಕೆ ಪ್ರಜಾ ಪರಿಷತ್ತಿನ ಲೆಕ್ಕದಲ್ಲಿ ಬದುಕುವ ಹಕ್ಕೇ ಇರಲಿಲ್ಲ. ಎರಡೂ ಕಡೆಯವರು ತಪ್ಪು ಹೇಳಿದರು ಅನ್ನಲಾಗದು. ಆಸ್ಪತ್ರೆ, ಕಾಲೇಜು, ನೀರಾವರಿ ಅಣೆಕಟ್ಟು, ಇವು 88 ಸಾವಿರ ಜನರ ಕಂದಾಯದಲ್ಲಿ ಏಳುವ ಕೆಲಸಗಳಲ್ಲ. ಪಂಚಾಯತಿಗೆ ಚಿಕ್ಕದಾದಷ್ಟೂ ಒಳ್ಳೆಯದು, ಅಣೆಕಟ್ಟಿಗೆ ದೊಡ್ಡದಾದಷ್ಟೂ ಒಳ್ಳೆಯದು.

1942ರ ನಂತರದ ಕಥೆಯನ್ನು ಬೇಗ ಮುಗಿಸುತ್ತೇವೆ. ಸಾತಾರಾ ಸೀಮೆಯಲ್ಲಿ ನಾನಾ ಪಾಟೀಲರ ಪ್ರತಿ ಸರ್ಕಾರ, ಅಂದರೆ ಬ್ರಿಟಿಷರಿಗೆ ಎದುರಾಗಿ ಕಟ್ಟಿದ ಭೂಗತ ಸರ್ಕಾರ, ನಡೆದಾಗ ಕುಂಡಲ ಅದರ ದೊಡ್ಡ ನೆಲೆಯಾಯಿತು. ಖಾಲಸಾ ಪೊಲೀಸರು ಬೆನ್ನು ಹತ್ತಿದರೆ ಭೂಗತರು ಸಂಸ್ಥಾನದ ಗಡಿ ದಾಟುತ್ತಿದ್ದರು. ಹರಿದು ಹಂಚಿದ ಗಡಿ ಒಮ್ಮೆಯಾದರೂ ಉಪಯೋಗಕ್ಕೆ ಬಂತು. ಸ್ವಾತಂತ್ರ್ಯ ಬಂದಾಗ ಕೆಲವು ದಖ್ಖನ್ ಸಂಸ್ಥಾನಿಕರು ಒಟ್ಟಾಗಿ ಸಂಯುಕ್ತ ರಾಜ್ಯ ಕಟ್ಟಲು ಹೊರಟರು, ಔಂಧವೂ ಅದರಲ್ಲಿತ್ತು. ಅದು ಬೇರೂರಲಿಲ್ಲ. ಜಮಖಂಡಿಯ ಪಟವರ್ಧನರು ಆ ಗುಂಪಿಗೆ ಸೇರದೆ ತಾವಾಗಿ ಮುಂಬಯಿ ಪ್ರಾಂತಕ್ಕೆ ವಿಲೀನವಾಗುತ್ತೇವೆ ಎಂದರು, ಉಳಿದವರೂ ಆ ದಾರಿಗೇ ಬಂದರು. 1948ರ ಮಾರ್ಚ್ 8ರಂದು ಔಂಧ ಮುಗಿಯಿತು. ಅಪ್ಪಾಸಾಹೇಬರು ಅದೇ ವರ್ಷ ಭಾರತದ ಪ್ರತಿನಿಧಿಯಾಗಿ ಪೂರ್ವ ಆಫ್ರಿಕಾಕ್ಕೆ ಹೋದರು. ರಾಜರು 1951ರಲ್ಲಿ ತೀರಿಕೊಂಡರು.

ಔಂಧ ಸಾತಾರಾ ಜಿಲ್ಲೆಗೆ ಹೋಯಿತು. ಆಟಪಾಡಿ, ಕುಂಡಲ ಇವತ್ತು ಸಾಂಗಲಿ ಜಿಲ್ಲೆಯಲ್ಲಿವೆ. ಗುಣದಾಳ ಬಿಜಾಪುರ ಜಿಲ್ಲೆಗೆ ಬಂದು, 1956ರ ನವೆಂಬರ್ 1ರಂದು ಅದರ ಜೊತೆ ಮೈಸೂರು ರಾಜ್ಯ ಸೇರಿತು. ವಿಲೀನವಾದ ದಿನದಿಂದ ಈ ಊರುಗಳು ಮುಂಬಯಿಯ ಕಾಯಿದೆಗೆ ಒಳಪಟ್ಟವು. ಕಂದಾಯದ ಅರ್ಧ ಊರಿಗೆ ಎಂಬ ಏರ್ಪಾಡು ಅಲ್ಲಿಗೆ ನಿಂತಿತು, ಊರಿಗೆ ಬರುತ್ತಿದ್ದ ನ್ಯಾಯಾಧೀಶರೂ ತಾಲ್ಲೂಕಿನ ಕಟ್ಟಡದೊಳಗೆ ಕೂತರು. ಹತ್ತು ವರ್ಷ ತುಂಬದ ಪಂಚಾಯತಿಗಳಿಗೆ ಎರಡನೆಯ ತಲೆಮಾರಿನ ಪಂಚರೇ ಬರಲಿಲ್ಲ. ಉಳಿದದ್ದು ಸ್ವತಂತ್ರಪುರ. ಮಹಾರಾಷ್ಟ್ರದ ಕಾರಾಗೃಹಗಳ ಪಟ್ಟಿಯಲ್ಲಿ ಅದು ಈಗಲೂ ಬಯಲು ವಸಾಹತು ಎಂದೇ ಇದೆ. ಆಟಪಾಡಿಯ ಆ ಒಣ ನೆಲದಲ್ಲಿ ಕೈದಿಗಳು ಬೇಸಾಯ ಮಾಡಿಕೊಂಡು ಶಿಕ್ಷೆಯ ಅವಧಿ ಕಳೆಯುತ್ತಾರೆ.